ಕೀಹೋಲ್ ಆಪರೇಷನ್‌ಗೂ ಇಷ್ಟು ದಪ್ಪ ಟ್ಯೂಬ್ ಬೇಕಿತ್ತಾ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಬಲ ಶ್ವಾಸಕೋಶದ ಒಂದು ಭಾಗವನ್ನು ಕೀಹೋಲ್ ಸರ್ಜರಿಯಲ್ಲಿ ತೆಗೆದಿದ್ದಾರೆ. ಗಾಯ ಚಿಕ್ಕದು, ಆದರೆ ಪಕ್ಕೆಗೆ ಹಾಕಿರುವ ಟ್ಯೂಬ್‌ನದೇ ನೋವು ಜಾಸ್ತಿ. ಕೆಮ್ಮಲೂ ಹೆದರುತ್ತಾರೆ. ಅದು 28 ನಂಬರ್ ಅಂತೆ. ಪಕ್ಕದ ಬೆಡ್‌ನವರಿಗೆ ಸಣ್ಣ ಟ್ಯೂಬ್ ಇದೆ. ಇವರಿಗೂ ಅದನ್ನೇ ಹಾಕಬಹುದಿತ್ತಲ್ವಾ?

ಉತ್ತರ: ಆ ನಂಬರನ್ನು 3ರಿಂದ ಭಾಗಿಸಿದರೆ ಟ್ಯೂಬ್‌ನ ಹೊರಗಿನ ಅಗಲ ಮಿಲಿಮೀಟರ್‌ನಲ್ಲಿ ಸಿಗುತ್ತದೆ. 28 ಅಂದರೆ 9 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ, 16 ಅಂದರೆ 5 ಚಿಲ್ಲರೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಹೋಗುತ್ತದೆ. ಉಸಿರೆಳೆದಾಗ, ಕೆಮ್ಮಿದಾಗ ಟ್ಯೂಬ್ ಅದನ್ನು ಒತ್ತುತ್ತದೆ. ಗಾಯ ಎಷ್ಟೇ ಚಿಕ್ಕದಿದ್ದರೂ ಈ ನೋವು ತಪ್ಪುವುದಿಲ್ಲ. ಟ್ಯೂಬ್‌ನ ತುದಿ ಒಳಗೆ ತಾಗಿ ಭುಜ ನೋಯುವುದೂ ಉಂಟು. ಹೆದರಬೇಡಿ.

ಪಕ್ಕದ ಬೆಡ್‌ನವರ ಕಾಯಿಲೆ ನನಗೆ ಗೊತ್ತಿಲ್ಲ. ಎದೆಯಲ್ಲಿ ಬರೀ ನೀರು ತುಂಬಿದ್ದರೆ ಸಣ್ಣ ಟ್ಯೂಬ್ ಸಾಕಾಗುತ್ತದೆ. ಶ್ವಾಸಕೋಶ ಕತ್ತರಿಸಿದ ಮೇಲೆ ರಕ್ತ ಬರುತ್ತದೆ, ಗಾಳಿಯೂ ಸೋರುತ್ತದೆ; ಇವೆರಡೂ ಟ್ಯೂಬ್ ಮೂಲಕವೇ ಹೊರಗೆ ಹೋಗಬೇಕು. ಟ್ಯೂಬ್‌ನ ಒಳಗಿನ ಅಗಲ ಅರ್ಧವಾದರೆ ಹರಿವು ಹೆಚ್ಚುಕಡಿಮೆ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟಿ ಟ್ಯೂಬ್ ಕಟ್ಟಿಕೊಂಡರೆ ಇನ್ನೊಂದು ಹಾಕಬೇಕಾದೀತು. ಹಾಗಂತ 28 ಬೇಕೇ ಬೇಕು ಅಂತಲೂ ಇಲ್ಲ. ಈಗ ಎಷ್ಟೋ ಸರ್ಜನ್‌ಗಳು 20 ಅಥವಾ 24ರ ಒಂದೇ ಟ್ಯೂಬ್ ಹಾಕುತ್ತಾರೆ.

ಸಣ್ಣದಾದರೆ ನೋವು ಎಷ್ಟು ಕಡಿಮೆ? 2015ರಲ್ಲಿ ಬ್ರಿಟನ್‌ನ ಒಂದು ಅಧ್ಯಯನ ಬಂತು. ಅದು ಆಪರೇಷನ್ ಆದವರ ಮೇಲಲ್ಲ, ಕ್ಯಾನ್ಸರ್‌ನಿಂದ ಎದೆಯಲ್ಲಿ ನೀರು ತುಂಬಿದವರ ಮೇಲೆ ಮಾಡಿದ್ದು. ಅಲ್ಲಿ 12 ಮತ್ತು 24ರ ಟ್ಯೂಬ್‌ಗಳನ್ನು ಹೋಲಿಸಿದ್ದರು. 100ರ ಅಳತೆಯಲ್ಲಿ ನೋವು ಸುಮಾರು 22 ಮತ್ತು 27. ವ್ಯತ್ಯಾಸ ಇದೆ, ಆದರೆ ನೀವು ಅಂದುಕೊಂಡಷ್ಟಿಲ್ಲ. ನನ್ನ ಪ್ರಕಾರ ದಪ್ಪಕ್ಕಿಂತ ದೊಡ್ಡ ವಿಷಯ ಟ್ಯೂಬ್ ಎಷ್ಟು ದಿನ ಇರುತ್ತದೆ ಅನ್ನುವುದು. ತೆಗೆದ ಕೂಡಲೇ ಹೆಚ್ಚಿನವರಿಗೆ ಎದೆ ಹಗುರವಾಗುತ್ತದೆ.

ಹಾಗಾಗಿ ನಾಳೆ ರೌಂಡ್ಸ್‌ಗೆ ಡಾಕ್ಟರ್ ಬಂದಾಗ ಟ್ಯೂಬ್ ಯಾವಾಗ ತೆಗೀತೀರಿ ಅಂತ ಕೇಳಿ. ಗಾಳಿ ಸೋರುವುದು ನಿಂತು, ದಿನಕ್ಕೆ ಬರುವ ದ್ರವ ಕಡಿಮೆಯಾಗಿ ತಿಳಿಯಾದರೆ ತೆಗೆಯಬಹುದು. ಕೆಲವರು 200 ಮಿ.ಲೀ.ಗೆ ಕಾಯುತ್ತಾರೆ, ಕೆಲವರು 450 ಇದ್ದರೂ ತೆಗೆಯುತ್ತಾರೆ. ಕೆಮ್ಮಿದಾಗ ಟ್ಯೂಬ್‌ಗೆ ಜೋಡಿಸಿರುವ ಬಾಟಲಿಯಲ್ಲಿ ಗುಳ್ಳೆ ಬರುತ್ತಿದ್ದರೆ ಇನ್ನೂ ಗಾಳಿ ಸೋರುತ್ತಿದೆ ಅಂತ ಅರ್ಥ. ಆಗ ಅವಸರ ಮಾಡಬೇಡಿ.

ಅಲ್ಲಿಯವರೆಗೆ ನೋವು ಸಹಿಸಿಕೊಂಡು ಸುಮ್ನೆ ಮಲಗಿರುವುದು ಒಳ್ಳೆಯದಲ್ಲ. ಕೆಮ್ಮದಿದ್ದರೆ ಕಫ ಒಳಗೇ ಉಳಿದು ನ್ಯುಮೋನಿಯಾ ಆಗಬಹುದು. ನೋವಿನ ಮಾತ್ರೆಯನ್ನು ನೋವು ಬಂದಾಗ ಮಾತ್ರವಲ್ಲ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಿ. ಕಿಡ್ನಿ ತೊಂದರೆ ಅಥವಾ ಹೊಟ್ಟೆಯ ಅಲ್ಸರ್ ಇದ್ದರೆ ಮೊದಲೇ ಹೇಳಿ, ಕೆಲವು ಮಾತ್ರೆಗಳು ಆಗಿಬರುವುದಿಲ್ಲ. ಸಾಲದಿದ್ದರೆ ನರವನ್ನು ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್ ಕೊಡಬಹುದಾ ಕೇಳಿ. ಕೆಮ್ಮುವಾಗ ಪಕ್ಕೆಗೆ ದಿಂಬು ಒತ್ತಿ ಹಿಡಿಯಲಿ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಲಿ. ನಡೆಸುವಾಗ ಟ್ಯೂಬ್ ಮಡಿಸಬೇಡಿ, ನೀವಾಗಿಯೇ ಕ್ಲಾಂಪ್ (ಟ್ಯೂಬ್ ಮುಚ್ಚುವ ಕ್ಲಿಪ್) ಹಾಕಬೇಡಿ.

ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಚರ್ಮದ ಕೆಳಗೆ ಊದಿ ಚರಚರ ಅಂದರೆ, ಬಾಟಲಿಗೆ ಕೆಂಪು ರಕ್ತ ಜಾಸ್ತಿ ಬಂದರೆ ತಕ್ಷಣ ನರ್ಸ್‌ನ ಕರೆಯಿರಿ. ಟ್ಯೂಬ್ ತೆಗೆದು ಮೂರು ತಿಂಗಳಾದರೂ ಪಕ್ಕೆಯಲ್ಲಿ ಉರಿ, ಜೋಮು ಹೋಗದಿದ್ದರೆ ಅದು ನರದ ನೋವಿರಬಹುದು. ಅದಕ್ಕೆ ಬೇರೆಯೇ ಮಾತ್ರೆಗಳಿವೆ, ಪೇನ್ ಕ್ಲಿನಿಕ್‌ನಲ್ಲಿ ತೋರಿಸಿ.