‘ಮುಸ್ಸಂಜೆ’ ಎಂದು ಬರೆಯುವ ಮೊದಲು

ನಮಸ್ಕಾರ. ನಿಮ್ಮ ‘ದೇವತೆಗಳ ಮುಸ್ಸಂಜೆ’ ಲೇಖನ ಓದಿದೆವು. ಜರ್ಮನ್ ಸಂಗೀತಗಾರ ವಾಗ್ನರ್‌ನ ಒಪೆರಾದ (ಹಾಡಿನ ನಾಟಕದ) ಹೆಸರು ‘ಗ್ಯೊಟರ್‌ಡೆಮ್ಮರುಂಗ್’ ಇಂಗ್ಲಿಷಿನಲ್ಲಿ ‘ಟ್ವೈಲೈಟ್ ಆಫ್ ದಿ ಗಾಡ್ಸ್’ ಆದದ್ದನ್ನು ಕನ್ನಡದ ಓದುಗರಿಗೆ ಹೇಳಹೊರಟಿದ್ದೀರಿ. ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವ ಹಾಗೆ ಪ್ರಕಟಿಸಲಾಗದು. ‘ಇಂಗ್ಲಿಷ್ ಅನುವಾದ ಮೂಲದ ಅರ್ಥವನ್ನು ಪೂರ್ತಿ ಹಿಡಿದಿದೆ’ ಎಂದು ಬರೆದಿದ್ದೀರಿ. ಇಡೀ ಲೇಖನ ನಿಂತಿರುವ ಆ ಮಾತೇ ಗಟ್ಟಿಯಿಲ್ಲ.

ಯಾವ ಮೂಲ? ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯಾದ ನಾರ್ಸ್‌ನ ಕಾವ್ಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ರಗ್ನ ರೋಕ್’, ಅಂದರೆ ದೇವತೆಗಳ ಗತಿ, ವಿಧಿ. ಅದರಲ್ಲಿ ಕತ್ತಲೆಯ ಸುಳಿವಿಲ್ಲ. 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಆ ದೇವತೆಗಳ ಕಥೆ ಹೇಳುವ ತನ್ನ ಗದ್ಯ ಎಡ್ಡಾದಲ್ಲಿ ‘ರಗ್ನರೊಕ್ಕರ್’ ಎಂದು ಬಳಸಿದ. ‘ರೊಕ್ಕರ್’ ಎಂದರೆ ಮಬ್ಬುಗತ್ತಲು. ಜರ್ಮನ್ ಪದಕ್ಕೆ ಆಧಾರ ಈ ಎರಡನೆಯ ರೂಪ. ಹಾಗಾಗಿ ಇಂಗ್ಲಿಷಿನದು ಅನುವಾದದ ಅನುವಾದ. ನೀವು ‘ಟ್ವೈಲೈಟ್’ ಅನ್ನು ನೇರವಾಗಿ ‘ರೋಕ್’ಗೆ ಗಂಟುಹಾಕಿದ್ದೀರಿ; ನಡುವಿನ ‘ರೊಕ್ಕರ್’, ‘ಡೆಮ್ಮರುಂಗ್’ ಎಂಬ ಎರಡು ಕೊಂಡಿಗಳೇ ಕಾಣೆ.

ಇನ್ನು ಜರ್ಮನ್ ಪದದ ಎರಡನೆಯ ಭಾಗ, ‘ಡೆಮ್ಮರುಂಗ್’. ಲೇಖನದ ಜೀವ ಇರಬೇಕಾದದ್ದು ಇಲ್ಲಿ, ನೀವು ಕೊಟ್ಟಿರುವುದು ಒಂದೇ ಸಾಲು. ‘ಮೋರ್ಗೆನ್‌ಡೆಮ್ಮರುಂಗ್’ ಎಂದರೆ ನಸುಕು, ‘ಆಬೆಂಟ್‌ಡೆಮ್ಮರುಂಗ್’ ಎಂದರೆ ಮುಸ್ಸಂಜೆ. ‘ಎಸ್ ಡೆಮ್ಮರ್ಟ್’ ಎಂದರೆ ಬೆಳಕು ಹರಿಯುತ್ತಿದೆ ಎಂದೂ ಆಗುತ್ತದೆ, ಕತ್ತಲಾಗುತ್ತಿದೆ ಎಂದೂ ಆಗುತ್ತದೆ. ಅದಕ್ಕೆ ‘ಮಿಯರ್’ ಸೇರಿಸಿದರೆ ‘ಈಗ ನನಗೆ ಹೊಳೆಯತೊಡಗಿತು’ ಎಂದರ್ಥ. ‘ಟ್ವೈಲೈಟ್’ ಕೂಡ ಖಗೋಳಶಾಸ್ತ್ರದಲ್ಲಿ ಎರಡೂ ಹೊತ್ತಿಗೆ ಸಲ್ಲುತ್ತದೆ: ಸೂರ್ಯ ದಿಗಂತದಿಂದ ಕೆಳಗೆ 6 ಡಿಗ್ರಿಯೊಳಗೆ ಇರುವಷ್ಟು ಹೊತ್ತು, ಬೆಳಗಾಗಲಿ ಸಂಜೆಯಾಗಲಿ, ಅದು ಸಿವಿಲ್ ಟ್ವೈಲೈಟ್. ಆಡುಮಾತಿನಲ್ಲಿ ಮಾತ್ರ ಆ ಪದ ಸಂಜೆಯ ಕಡೆಗೆ ವಾಲಿದೆ. ಹಿಂದೆ ಕೆಲವರು ‘ಡಸ್ಕ್’ (ಸಂಜೆಗತ್ತಲು) ಎಂದು ಅನುವಾದಿಸಿ ಬೆಳಗಿನ ಬಾಗಿಲನ್ನೇ ಮುಚ್ಚಿದ್ದರು. ಅದಕ್ಕಿಂತ ‘ಟ್ವೈಲೈಟ್’ ಎಷ್ಟೋ ಮೇಲು.

ಇದು ಬರೀ ನಿಘಂಟಿನ ತಕರಾರಲ್ಲ. ಎಡ್ಡಾದಲ್ಲಿ ಎಲ್ಲ ಸುಟ್ಟು ಮುಳುಗಿದ ಮೇಲೆ ಕಡಲಿನಿಂದ ಹಸಿರು ನೆಲ ಮೇಲೇಳುತ್ತದೆ, ಸತ್ತಿದ್ದ ದೇವತೆ ಬಾಲ್ಡರ್ ಮರಳುತ್ತಾನೆ. ಬೆಳಗೂ ಆ ಕಥೆಯೊಳಗೇ ಇದೆ. 1876ರ ಆಗಸ್ಟ್ 17ರಂದು ಬೈರಾಯ್ಟ್‌ನಲ್ಲಿ ಮೊದಲು ರಂಗಕ್ಕೆ ಬಂದ ವಾಗ್ನರ್‌ನ ಒಪೆರಾದ ಕೊನೆ ಬೇರೆ: ರೈನ್ ನದಿ ಉಕ್ಕುತ್ತದೆ, ದೇವತೆಗಳ ಅರಮನೆ ವಲ್ಹಾಲಾ ಉರಿಯುತ್ತದೆ. ನಿಮ್ಮ ನಾಲ್ಕನೆಯ ಪುಟದಲ್ಲಿ ಫೆನ್ರಿರ್ ತೋಳ ಒಪೆರಾದೊಳಗೆ ಬಂದು ದೇವತೆಗಳ ಒಡೆಯ ಓಡಿನ್‌ನನ್ನು ನುಂಗುತ್ತದೆ. ಅದು ಎಡ್ಡಾದ ತೋಳ. ಒಪೆರಾದಲ್ಲಿ ಆ ದೃಶ್ಯವಿಲ್ಲ.

ನಿಮ್ಮ ಶೀರ್ಷಿಕೆಯ ‘ಮುಸ್ಸಂಜೆ’ ‘ಡಸ್ಕ್’ ಮಾಡಿದ ತಪ್ಪನ್ನೇ ಮಾಡುತ್ತದೆ. ‘ಸಂಧ್ಯೆ’ ಕೈಯಲ್ಲೇ ಇರುವಾಗ ಅದನ್ನೇಕೆ ಬಿಟ್ಟಿರಿ? ಸಂಧ್ಯಾವಂದನೆ ಬೆಳಗ್ಗೆಯೂ ಉಂಟು, ಸಂಜೆಯೂ ಉಂಟು. ಪುರಾಣಗಳು ಒಂದೊಂದು ಯುಗದ ಮೊದಲಿಗೆ ಸಂಧ್ಯೆಯನ್ನೂ ಕೊನೆಗೆ ಸಂಧ್ಯಾಂಶವನ್ನೂ ಇಡುತ್ತವೆ. ‘ದೇವಸಂಧ್ಯೆ’ ಎಂದರೆ ಜರ್ಮನ್ನಿನಂತೆ ಒಂದೇ ಸಮಸ್ತಪದ, ‘ಆಫ್ ದಿ’ಯ ಹಂಗಿಲ್ಲ. ತೊಡಕೂ ಇದೆ: ದೇವರ ಪೂಜೆಯ ಹೊತ್ತು ಎಂದು ಓದುಗರು ತಿಳಿದಾರು. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ, ಆಮೇಲೆ ಧೈರ್ಯವಾಗಿ ಬಳಸಿ.

ಜರ್ಮನ್ ತತ್ತ್ವಜ್ಞಾನಿ ನೀಚೆಯ 1889ರ ಪುಸ್ತಕದ ಹೆಸರನ್ನು ಸುಮ್ಮನೆ ಉಲ್ಲೇಖಿಸಿ ಮುಂದೆ ಹೋಗಿದ್ದೀರಿ. ‘ಗ್ಯೊಟರ್’ (ದೇವತೆಗಳು) ಇದ್ದಲ್ಲಿ ಆತ ‘ಗ್ಯೊಟ್ಸೆನ್’, ಅಂದರೆ ವಿಗ್ರಹಗಳು, ಎಂದಿಟ್ಟು ವಾಗ್ನರ್‌ನನ್ನು ಚುಚ್ಚಿದ. ಇಂಗ್ಲಿಷಿನ ‘ಗಾಡ್ಸ್’, ‘ಐಡಲ್ಸ್’ ಪದಗಳ ನಡುವೆ ಆ ಪ್ರಾಸವಿಲ್ಲ, ಚುಚ್ಚುವುದೂ ಇಲ್ಲ. ಅನುವಾದದಲ್ಲಿ ಏನು ಕಳೆಯುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಒಂದು ಪ್ಯಾರಾ ಕೊಡಿ.

ಮೂಲ ಪದವನ್ನು ಮೂರು ಬಗೆಯಲ್ಲಿ ಬರೆದಿದ್ದೀರಿ. ಒಂದನ್ನು ಆರಿಸಿಕೊಳ್ಳಿ. ‘ಡಮ್ಮರುಂಗ್’ ಅಂತೂ ಬೇಡ, ಅಲ್ಲಿರುವುದು ‘ಎ’ಕಾರ. ವಾಗ್ನರ್‌ನ ಜೀವನಚರಿತ್ರೆಯ ಮೊದಲ ಮೂರು ಪುಟ ತೆಗೆದುಹಾಕಿ, ‘ಎಸ್ ಡೆಮ್ಮರ್ಟ್’ನಿಂದಲೇ ಶುರುಮಾಡಿ. 1,200 ಪದಗಳೊಳಗೆ ಬರೆದು ಕಳಿಸಿದರೆ ಮತ್ತೆ ಓದುತ್ತೇವೆ.