ಉಪವಾಸದ ಹಿಂದೆ ಇನ್ನೇನಾದರೂ ಇದೆಯೇ?

ಪ್ರಶ್ನೆ: ಅಕ್ಕನ ಮಗಳು ಪಿಯುಸಿ ಓದಲು ನಮ್ಮ ಮನೆಯಲ್ಲಿದ್ದಾಳೆ. ಮೊದಲು ಸೋಮವಾರ ಮಾತ್ರ ಉಪವಾಸವಿದ್ದವಳು ಈಗ ಗುರುವಾರ, ಶನಿವಾರಗಳನ್ನೂ ಸೇರಿಸಿಕೊಂಡಿದ್ದಾಳೆ. ಉಳಿದ ದಿನ ‘ಕಾಲೇಜಿನಲ್ಲೇ ತಿಂದೆ’ ಎನ್ನುತ್ತಾಳೆ. ಬಲವಂತಕ್ಕೆ ಉಂಡರೆ ಕೈ ತೊಳೆದವಳೇ ಬಚ್ಚಲುಮನೆ ಸೇರಿ ನಲ್ಲಿ ಬಿಟ್ಟುಕೊಳ್ಳುತ್ತಾಳೆ. ಆದರೆ ತೂಕ ಇಳಿದಂತೆ ಕಾಣುವುದಿಲ್ಲ. ಅಕ್ಕ, ‘ವಯಸ್ಸಿನ ಹುಡುಗಿ, ತೆಳ್ಳಗಾಗಲಿ ಬಿಡು’ ಎಂದುಬಿಟ್ಟಳು. ನನ್ನದು ಅತಿಯಾದ ಅನುಮಾನವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅತಿಯಾದದ್ದಲ್ಲ. ಪತ್ರ ಓದಿ ಕಾಯಿಲೆಯನ್ನು ಹೆಸರಿಸಲಾಗದು; ಆದರೆ ವೈದ್ಯರಿಗೆ ತೋರಿಸಲು ಇಷ್ಟು ಕಾರಣ ಧಾರಾಳ ಸಾಕು.

ತೂಕ ಇಳಿದಿಲ್ಲ ಎಂಬುದನ್ನು ನೆಚ್ಚಿಕೊಳ್ಳಬೇಡಿ. ಈಟಿಂಗ್ ಡಿಸಾರ್ಡರ್, ಅಂದರೆ ಊಟದೊಂದಿಗಿನ ನಂಟೇ ಕೆಡುವ ಮನೋರೋಗ ಎಂದರೆ ಎಲುಬು ಕಾಣುವಷ್ಟು ಸೊರಗುವುದು ಎಂದೇ ಹಲವರ ತಿಳಿವಳಿಕೆ. ಅದು ದಪ್ಪಗಾಗುವ ಭಯಕ್ಕೆ ಊಟವನ್ನೇ ಬಿಡುತ್ತ ಹೋಗುವ ಅನೊರೆಕ್ಸಿಯಾದ ಚಿತ್ರ. 1979ರಲ್ಲಿ ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ವಿವರಿಸಿದ ಬುಲಿಮಿಯಾ ಎಂಬ ಇನ್ನೊಂದು ಬಗೆಯಲ್ಲಿ, ಗುಟ್ಟಾಗಿ ಮಿತಿಮೀರಿ ತಿಂದು ಆಮೇಲೆ ವಾಂತಿ ಮಾಡಿಯೋ ಉಪವಾಸವಿದ್ದೋ ಅದನ್ನು ಸರಿದೂಗಿಸಲು ಹೆಣಗುವವರ ತೂಕ ಹೆಚ್ಚಾಗಿ ಸಾಧಾರಣವಾಗಿಯೇ ಇರುತ್ತದೆ. ಬೆರಳ ಗೆಣ್ಣುಗಳ ಮೇಲೆ ಗಾಯ ಅಥವಾ ಜಡ್ಡು, ಕಿವಿಯ ಕೆಳಗೆ ಊದಿದ ಕೆನ್ನೆ, ಸವೆದ ಹಲ್ಲು, ರಾತ್ರೋರಾತ್ರಿ ಖಾಲಿಯಾಗುವ ತಿಂಡಿ ಡಬ್ಬಿ ಇವುಗಳತ್ತ ಗಮನವಿರಲಿ. ಮುಟ್ಟು ನಿಲ್ಲುವುದು, ಸೆಕೆಯಲ್ಲೂ ಚಳಿ ಎನ್ನುವುದು, ಅನ್ನವನ್ನು ಕಲಸುತ್ತಲೇ ಕುಳಿತು ತಟ್ಟೆಯಂಚಿಗೆ ಸರಿಸುವುದು, ಮನೆಮಂದಿಗೆಲ್ಲ ತಾನೇ ಹೋಳಿಗೆ ತಟ್ಟಿ ಬಡಿಸಿ ಒಂದು ಚೂರೂ ಬಾಯಿಗಿಡದಿರುವುದು ಕೂಡ ಸೂಚನೆಗಳೇ. ಹುಡುಗರಿಗೂ ಈ ಕಾಯಿಲೆ ಬರುತ್ತದೆ.

ಇನ್ನು ಉಪವಾಸದ ಮಾತು. ವ್ರತ ಹಿಡಿದವರನ್ನೆಲ್ಲ ಅನುಮಾನಿಸಬೇಕಿಲ್ಲ. ಏಕಾದಶಿಗೆ ದ್ವಾದಶಿಯ ಪಾರಣೆಯಿದೆ, ಆ ಊಟವನ್ನು ಜನ ನೆಮ್ಮದಿಯಿಂದಲೇ ಉಣ್ಣುತ್ತಾರೆ. ಕಾಯಿಲೆಯ ಉಪವಾಸದಲ್ಲಿ ಮರುದಿನದ ಊಟವೇ ಹೆದರಿಕೆ ಹುಟ್ಟಿಸುತ್ತದೆ, ಉಪವಾಸದ ದಿನಗಳು ಒಂದೊಂದಾಗಿ ಸೇರುತ್ತ ಹೋಗುತ್ತವೆ.

ಮಾತಾಡುವಾಗ ಊಟದ ಹೊತ್ತು ಬೇಡ, ನಾಲ್ಕು ಜನರೆದುರೂ ಬೇಡ. ‘ಊಟವೆಂದರೆ ನಿನಗೆ ಹಿಂಸೆಯಾಗುತ್ತಿದೆ ಅನ್ನಿಸುತ್ತಿದೆ ಪುಟ್ಟಿ, ನಾನು ಬೈಯುವುದಿಲ್ಲ’ ಎಂದಷ್ಟೇ ಆರಂಭಿಸಿ. ದಪ್ಪ, ತೆಳು, ಬಣ್ಣ ಯಾವುದನ್ನೂ ಎತ್ತಬೇಡಿ. ಮದುವೆಮನೆಗಳಲ್ಲಿ ನಮ್ಮ ನೆಂಟರು ಅದನ್ನು ಬೇಕಾದಷ್ಟು ಎತ್ತಿರುತ್ತಾರೆ. ಆಣೆ ಹಾಕಿಸಿಕೊಳ್ಳುವುದು, ಬಚ್ಚಲುಮನೆಗೆ ಬೀಗ ಹಾಕುವುದು ಗುಟ್ಟನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಮೊದಲ ಸಲ ಅವಳು ‘ಏನೂ ಇಲ್ಲ ಚಿಕ್ಕಮ್ಮ’ ಎಂದು ಸಿಟ್ಟಾಗಬಹುದು. ಕೆಲವು ದಿನ ಬಿಟ್ಟು ಮತ್ತೆ ಕೇಳಿ.

ಆದರೆ ವೈದ್ಯರ ಭೇಟಿಯನ್ನು ಅವಳ ಒಪ್ಪಿಗೆ ಬರುವವರೆಗೆ ಮುಂದೂಡಬೇಡಿ. ಪದೇಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಆದ್ದರಿಂದ ಮೊದಲು ಫಿಸಿಷಿಯನ್ ಬಳಿ ರಕ್ತಪರೀಕ್ಷೆ, ಇಸಿಜಿ ಮಾಡಿಸಿ, ನಂತರ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಅವಳು ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟುತ್ತದೆ ಎಂದರೆ, ವಾಂತಿಯಲ್ಲಿ ರಕ್ತ ಕಂಡರೆ ಅಥವಾ ಸಾಯುವ ಮಾತಾಡಿದರೆ ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

ನಿಮ್ಮ ಅಕ್ಕನೊಂದಿಗೆ ವಾದಕ್ಕಿಳಿಯಬೇಡಿ, ವೈದ್ಯರ ಬಳಿಗೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಈ ವಯಸ್ಸಿನವರ ಚಿಕಿತ್ಸೆಯಲ್ಲಿ ತಂದೆತಾಯಿಯರ ಪಾಲು ದೊಡ್ಡದು. ನಿಮ್ಮ ಮಾತಿಗೆ ಒಪ್ಪದವರು ವೈದ್ಯರ ಮಾತಿಗೆ ಒಪ್ಪಬಹುದು.