ವಿಂಡೋಸ್ ಬದಲಾಯಿಸಿದ ಮೇಲೆ ಹಳೆಯ ಕನ್ನಡ ಫೈಲುಗಳು ಓದಲು ಬರುತ್ತಿಲ್ಲ, ಮತ್ತೆ ಫಾರ್ಮ್ಯಾಟ್ ಮಾಡಿಸಬೇಕಾ?

ಬೇಡ. ಫಾರ್ಮ್ಯಾಟೂ ಬೇಡ, ನೀವು ಕೇಳಿದ ಹಾಗೆ ವಿಂಡೋಸ್ 7ಕ್ಕೆ ವಾಪಸ್ ಹೋಗುವುದೂ ಬೇಡ. ಪುಣೆಯಲ್ಲಿ ನಿಮ್ಮ ತಂದೆಯವರ ಡೆಸ್ಕ್‌ಟಾಪಿಗೆ ವಿಂಡೋಸ್ 11 ಹಾಕಿಸಿದ್ದೀರಿ, ಅವರು ಟೈಪ್ ಮಾಡಿಟ್ಟ ಕನ್ನಡವೆಲ್ಲ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ, ಅಷ್ಟೇ ಅಲ್ವಾ? ಫೈಲು ಕೆಟ್ಟಿಲ್ಲ. ಆದರೆ ಇದನ್ನು ಓದಿ ಮುಗಿಸುವ ತನಕ ಅವುಗಳಲ್ಲಿ ಒಂದನ್ನೂ ಸೇವ್ ಮಾಡಬೇಡಿ.

ನಾನಿರುವುದು ಡೊಂಬಿವಲಿಯಲ್ಲಿ. ನಮ್ಮ ಕನ್ನಡ ಸಂಘದ ಕಂಪ್ಯೂಟರ್ ತುಂಬಾ ನಿಧಾನ ಆಗಿತ್ತು. ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಒಯ್ದು ಎಸ್‌ಎಸ್‌ಡಿ (ವೇಗದ ಹೊಸ ಡಿಸ್ಕ್) ಹಾಕಿಸಿ, ಹೊಸ ವಿಂಡೋಸ್ ಹಾಕಿಸಿಕೊಂಡು ಬಂದೆವು. ಫೈಲುಗಳೆಲ್ಲ ಡಿ ಡ್ರೈವಿನಲ್ಲಿ ಇದ್ದವು, ಹಾಗಾಗಿ ಯಾರಿಗೂ ಚಿಂತೆ ಇರಲಿಲ್ಲ. ಮನೆಗೆ ಬಂದು ಸದಸ್ಯರ ವಿಳಾಸದ ಪುಸ್ತಕ ತೆಗೆದರೆ ನೀವು ಹೇಳಿದ್ದೇ ಕತೆ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ.

ಫಾಂಟ್ ಸರಿಯಿಲ್ಲ ಅಂದುಕೊಂಡೆ. ಅಷ್ಟು ಸರಿಯೇ. ಆಮೇಲೆ ಮಾಡಿದ್ದೇ ತಪ್ಪು. ಕಂಟ್ರೋಲ್ ಎ ಒತ್ತಿ ಇಡೀ ಫೈಲನ್ನು ಆಯ್ದುಕೊಂಡೆ, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ಕೊಟ್ಟೆ, ಸೇವ್ ಮಾಡಿದೆ. ಏನೂ ಬದಲಾಗಲಿಲ್ಲ. ತುಂಗಾ ಕೊಟ್ಟೆ, ಮತ್ತೆ ಸೇವ್. ಹೀಗೆ ಒಂದಾದ ಮೇಲೆ ಒಂದು ಫೈಲು.

ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಕೂರುವುದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ, ಫಾರ್ಮ್ಯಾಟ್ ಮಾಡಿದ ಕೂಡಲೇ ಅದು ಹೋಯಿತು, ವೇಷ ಕಳಚಿತು. ನಿರ್ಮಲಾ, ತುಂಗಾದಂಥ ಹೊಸ ಫಾಂಟುಗಳು ಯೂನಿಕೋಡ್‌ನವು, ಅಂದರೆ ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಇಡುವ ಪದ್ಧತಿಯವು; ಅವುಗಳಿಗೆ ಈ ಹಳೆಯ ಲೆಕ್ಕ ಗೊತ್ತಿಲ್ಲ. ಇಲ್ಲಿಯವರೆಗೆ ನಷ್ಟ ಏನೂ ಆಗಿರುವುದಿಲ್ಲ. ಆದರೆ ಒಂದೇ ಫೈಲಿನಲ್ಲಿ ಕನ್ನಡವೂ ಇಂಗ್ಲಿಷೂ ಬೆರೆತಿದ್ದರೆ, ಯಾವ ಪದ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಅಂತ ಗುರುತಿಸಲು ಇರುವುದು ಆ ಫಾಂಟಿನ ಹೆಸರೊಂದೇ. ಎಲ್ಲಕ್ಕೂ ಒಂದೇ ಫಾಂಟ್ ಕೊಟ್ಟು ಸೇವ್ ಮಾಡಿ ಮುಚ್ಚಿದರೆ ಆ ಗುರುತು ಅಳಿಸಿಹೋಗುತ್ತದೆ.

ಸಂಘದ ಕಾಕಾ ಒಬ್ಬರು ತಮ್ಮ ಮನೆಯ ಕಂಪ್ಯೂಟರಿನಿಂದ ನುಡಿಯ ಹಳೆಯ ಫಾಂಟ್ ತಂದು ಹಾಕಿ, ಇಡೀ ಫೈಲಿಗೆ ಅದನ್ನೇ ಕೊಟ್ಟರು. ಕನ್ನಡ ವಾಪಸ್ ಬಂತು. ಆದರೆ ಇಂಗ್ಲಿಷಿನಲ್ಲಿದ್ದ ಕಟ್ಟಡದ ಹೆಸರು, ವಿಂಗ್, ಇಮೇಲ್ ಎಲ್ಲ ಅರ್ಥವಿಲ್ಲದ ಕನ್ನಡ ಆಗಿತ್ತು. ಅಷ್ಟು ವರ್ಷ ಹಿರಿಯರು ಕೂತು ಸೇರಿಸಿದ ವಿಳಾಸಗಳು. ಒಂದೊಂದು ಸಾಲನ್ನೂ ಕೈಯಾರೆ ಸರಿಮಾಡಬೇಕಾಯಿತು, ಆ ವರ್ಷ ಪುಸ್ತಕ ಅಚ್ಚಾಗಲೇ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಮಾಡಬೇಕಾದ್ದು ಇಷ್ಟು. ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ಪಕ್ಕಕ್ಕಿಡಿ. ವರ್ಡಿನಲ್ಲಿ ಫೈಲು ತೆಗೆದು, ಕೆಟ್ಟು ಕಾಣುವ ಪದದ ಮೇಲೆ ಕರ್ಸರ್ ಇಟ್ಟು, ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ಅಲ್ಲಿ ಇರುತ್ತದೆ, 'ನುಡಿ 01 ಇ' ಅಂತಲೋ 'ಬಿಆರ್‌ಎಚ್ ಕನ್ನಡ' ಅಂತಲೋ. ಆ ಫಾಂಟ್ ಫೈಲು ಹುಡುಕಿ ತಂದು, ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಿ. ಬರೀ 'ಇನ್‌ಸ್ಟಾಲ್' ಕೊಟ್ಟರೆ ನಿಮ್ಮ ಲಾಗಿನ್‌ಗೆ ಮಾತ್ರ ಬರುತ್ತದೆ, ತಂದೆಯವರ ಲಾಗಿನ್‌ನಲ್ಲಿ ಅದೇ ಕಾಟ. ಅಂಗಡಿಯವರು ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ಹಾಕಿದ್ದರೆ ಸಿ ಡ್ರೈವಿನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಅಂತ ಫೋಲ್ಡರ್ ಇರಬಹುದು, ಹಳೆಯ ಫಾಂಟುಗಳೆಲ್ಲ ಅದರೊಳಗೇ ಸಿಗುತ್ತವೆ. ಸಾಮಾನ್ಯವಾಗಿ 10 ದಿನಕ್ಕೆ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ, ಇವತ್ತೇ ನೋಡಿ.

ಓದಲು ಬಂದ ಮೇಲೆ ಯೂನಿಕೋಡ್‌ಗೆ ಬದಲಿಸಿ, ಆದರೆ ಹಳೆಯ ಪ್ರತಿಯನ್ನು ಅಳಿಸಬೇಡಿ. ಬದಲಾಗಿದೆಯಾ ಅಂತ ನೋಡಲು ಒಂದು ಸಾಲನ್ನು ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಅಲ್ಲಿಯೂ ಕನ್ನಡವೇ ಕಂಡರೆ ಯೂನಿಕೋಡ್. ಅಲ್ಲಿಂದ ಸೇವ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ರೀತಿ) ಯುಟಿಎಫ್-8 ಇರಲಿ. ಅದೇ ಪಟ್ಟಿಯ ಎಎನ್‌ಎಸ್‌ಐ ಕೊಟ್ಟರೆ ಕನ್ನಡ ಎಲ್ಲ ಪ್ರಶ್ನೆ ಚಿಹ್ನೆ ಆಗುತ್ತದೆ, ಆ ಫೈಲಿನಿಂದ ಅದನ್ನು ಮತ್ತೆ ತರಲು ಆಗುವುದಿಲ್ಲ.

ವಿಂಡೋಸ್ 7 ವಿಷಯ. ಅದರ ಸುರಕ್ಷಾ ಅಪ್‌ಡೇಟುಗಳು 2020ರ ಜನವರಿಯಲ್ಲೇ ನಿಂತವು. ತಂದೆಯವರು ಬ್ಯಾಂಕ್ ಕೆಲಸವನ್ನೂ ಅದರಲ್ಲೇ ಮಾಡುತ್ತಾರೆ ಅಂದಿದ್ದೀರಿ, ಹಾಗಾಗಿ ಆ ಮಾತೇ ಬೇಡ. ಹೊಸ ವಿಂಡೋಸಿನಲ್ಲಿ ಅಕ್ಷರ ಚಿಕ್ಕದು ಅನ್ನುವುದು ಅವರ ದೂರಾದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ ಶೇಕಡಾ 125 ಮಾಡಿ. ಕನ್ನಡ ಭಾಷೆ ಸೇರಿಸಿದರೆ ಫೊನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಕೀಲಿಗಳಲ್ಲಿ ಉಚ್ಚಾರದಂತೆ ಒತ್ತಿದರೆ ಕನ್ನಡ ಬರುವಂಥದ್ದು) ವಿಂಡೋಸ್‌ನಲ್ಲೇ ಇದೆ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಮರಾಠಿಗೂ ಹಾಗೆಯೇ.

ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. ನುಡಿ ಆದರೆ ನನ್ನ ಹತ್ತಿರ ಇದೆ.